ಎರಡು ಹೂವೂ ಬಲಕ್ಕೆ ಬಿದ್ದವು

೯ ಜೂನ್ ೧೯೭೪, ಹಿರಿಯೂರು

ಹೊಳಲ್ಕೆರೆಯಲ್ಲಿರುವ ಗೆಳತಿ ಬರಗೇರಕ್ಕನಿಗೆ ತಿಂಗಳಿಗೆರಡು ಕಾಗದ ಬರೆಯುವುದು ನನ್ನ ವಾಡಿಕೆ. ನಿನ್ನೆ ನಡೆದದ್ದನ್ನು ಮಾತ್ರ ಅವಳಿಗೆ ಬರೆಯುವಂತಿಲ್ಲ. ಬರೆದರೆ ಸೊಸೆಯ ಕೈಲಿ ಓದಿಸುತ್ತಾಳೆ, ಸೊಸೆ ಬಾವಿಕಟ್ಟೆಯಲ್ಲಿ ಹೇಳುತ್ತಾಳೆ, ಮುಂದಿನ ವಾರ ಹೊಳಲ್ಕೆರೆಯಲ್ಲಿ ನಮ್ಮ ಯಜಮಾನರನ್ನು ಕಂಡವರೆಲ್ಲ ತಡೆದು ನಿಲ್ಲಿಸಿ ಕೇಳುತ್ತಾರೆ. ಅದಕ್ಕೇ ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ. ಶಾಲೆಗೆ ಹೋದವಳಲ್ಲ. ಉಣ್ಣೆ ಮೂಟೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದು ಬರೆದು ಕಲಿತ ಅಕ್ಷರ. ಪೆನ್ನಿನಲ್ಲಿ ಬರೆದರೂ ಮೂಟೆಯ ಮೇಲಿನ ಅಕ್ಷರದಷ್ಟೇ ದಪ್ಪ ಬರುತ್ತದೆ.

ನಡೆದದ್ದು ಇಷ್ಟು. ನಮ್ಮ ಡಬ್ಬ ಮಾರಿಕಣಿವೆಯ ಏರಿನಲ್ಲಿ ನಿಂತುಬಿಟ್ಟಿತು. ಡಬ್ಬ ಅಂದರೆ ನಮ್ಮ ಪುಟ್ಟ ಮಾರಿಸ್ ಕಾರು. ಹಿಂದಿನ ಸೀಟು ಕಿತ್ತು ಕಂಬಳಿ ತುಂಬುತ್ತೇವೆ. ಹೊಸದುರ್ಗದ ಸಂತೆಗೆಂದು ಕೋಳಿ ಕೂಗುವ ಮೊದಲೇ ಹೊರಟಿದ್ದೆವು. ಏರು ಹತ್ತುವಾಗ ಸುಟ್ಟ ವಾಸನೆ ಬಂತು, ಮುಂದಿನಿಂದ ಹಬೆ ಎದ್ದಿತು, ಮುದುಕಿ ಕೆಮ್ಮಿದ ಹಾಗೆ ಕೆಮ್ಮಿ ಸುಮ್ಮನಾಯಿತು.

"ಶಕ್ತಿ ಇಲ್ಲ ಕಣೇ ಇದಕ್ಕೆ. ಇಂಜಿನ್ನು ಮುಗೀತು" ಅಂದರು ಯಜಮಾನರು.

"ನಿಮ್ಮಷ್ಟೇ ವಯಸ್ಸಾಯ್ತೇನೋ ಅದಕ್ಕೂ" ಅಂದೆ.

ನಗಲಿಲ್ಲ. ಹಾಗೆ ಅಂದರೆ ನಗುವವರು.

ತಣ್ಣಗಾದ ಮೇಲೆ ನೀರು ಹೊಯ್ದು, ನಿಂತು ನಿಂತು ಹೇಗೋ ಹೊಸದುರ್ಗ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಹುಣಸೆಮರದ ಬುಡದ ಜಾಗ ನಮ್ಮ ಮಾವನವರ ಕಾಲದಿಂದ ನಮ್ಮದು. ಅದಕ್ಕೆ ಪತ್ರವೂ ಇಲ್ಲ, ಪಟ್ಟೆಯೂ ಇಲ್ಲ. ಹೊತ್ತು ಹುಟ್ಟುವುದರೊಳಗೆ ಬಂದು ಕಂಬಳಿ ಹಾಸಿದವರದ್ದು ಜಾಗ, ಅಷ್ಟೇ ಕಟ್ಟಳೆ. ಸಾಲಾಗಿ ಮೂರು ಸಂತೆ ತಪ್ಪಿಸಿದರೆ ನಾಲ್ಕನೆಯದಕ್ಕೆ ಯಾರು ಮೊದಲು ಹಾಸುತ್ತಾರೋ ಅವರದ್ದು. ಪಕ್ಕದಲ್ಲಿ ಮಿಲ್ಲಿನ ರಗ್ಗು ಮಾರುವ ಮುದ್ದಪ್ಪ ಎಷ್ಟೋ ವರ್ಷದಿಂದ ನಮ್ಮ ನೆರಳಿನ ಮೇಲೆ ಕಣ್ಣಿಟ್ಟು ಕೂತಿದ್ದಾನೆ. "ತಡ ಆದ್ರೂ ಬಂದ್ರಲ್ಲ ಬಿಡ್ರಿ, ಈ ಸಲ ಲೆಕ್ಕಕ್ಕಿಲ್ಲ" ಅಂತ ದೊಡ್ಡ ಮನಸ್ಸು ಮಾಡಿದ.

ಮೊದಲ ಬಸ್ಸು ಅಲ್ಲಿಗೆ ಹೋಗುವುದೇ ಹತ್ತು ಗಂಟೆಗೆ. ಹೊಳಲ್ಕೆರೆಯಾದರೆ ಬಸ್ಸಿನಲ್ಲಿ ಹೋದರಾಯಿತು, ಅಲ್ಲಿ ಜಾಗಕ್ಕೆ ಹಟವಿಲ್ಲ. ಹೊಸದುರ್ಗಕ್ಕೆ ಡಬ್ಬವೇ ಬೇಕು. ಮಳೆಗಾಲದ ಕಂಬಳಿಯೆಲ್ಲ ಆ ಮರದ ಕೆಳಗೇ ಹೋಗುವುದು. ಹರಿಯಬ್ಬೆಯಲ್ಲಿ ಮಗ, ಸೊಸೆ, ಇನ್ನೂ ಆರು ಮನೆಯವರು ಅದನ್ನು ನಂಬಿ ಮಗ್ಗದಲ್ಲಿ ಕೂತಿದ್ದಾರೆ. ಆ ಜಾಗ ಹೋದರೆ ಅವರಿಗೆ ಏನು ಹೇಳುವುದು?

೧೧ ಜೂನ್

ಡಬ್ಬವನ್ನು ಪಂಚಾಕ್ಷರಪ್ಪನ ಗ್ಯಾರೇಜಿಗೆ ತಳ್ಳಿಸಿದೆವು. ಬ್ಯಾಟರಿಯೂ ಸತ್ತಿತ್ತು. ಯಜಮಾನರು, ನನ್ನ ಮೈದುನ ತಿಪ್ಪೇರುದ್ರಪ್ಪ, ಪಕ್ಕದ ಮನೆಯವರು ಎಲ್ಲ ಹಿಂದೆ ನಿಂತರು. ಸ್ಟೇರಿಂಗ್ ಹಿಡಿಯಲು ಯಾರೂ ಉಳಿಯಲಿಲ್ಲ. ತಳ್ಳಲು ನನ್ನಿಂದ ಆಗದು ಅಂತ ನನ್ನನ್ನೇ ಒಳಗೆ ಕೂರಿಸಿದರು.

"ನೇರ ಹಿಡಕೊಂಡು ಕುಂತ್ಕ ಸಾಕು, ಏನೂ ಮುಟ್ಟಬ್ಯಾಡ" ಅಂದರು ಯಜಮಾನರು.

ಏನೂ ಮುಟ್ಟಲಿಲ್ಲ. ಆದರೆ ಇಳಿಜಾರಿನಲ್ಲಿ ಅದಕ್ಕೇ ಜೀವ ಬಂದುಬಿಟ್ಟಿತು. ಬುರ್ ಅಂತ ಗ್ಯಾರೇಜು ದಾಟಿ ಹೋಯಿತು. ಹಿಂದೆ ಗಂಡಸರೆಲ್ಲ ಓಡಿ ಬರುತ್ತಿದ್ದರು. ಎದುರಿಗೆ ಬಂದ ಎಮ್ಮೆಗೆ ದಾರಿ ಬಿಟ್ಟು, ಬೇಲಿ ಮುಟ್ಟಿಸದೆ, ಗುಡಿಯ ಮುಂದಿನ ದಿಬ್ಬದಲ್ಲಿ ತಾನಾಗಿಯೇ ನಿಂತಿತು. ಪಂಚಾಕ್ಷರಪ್ಪ ಏದುಸಿರು ಬಿಡುತ್ತ ಬಂದು, "ಗಿರಿಯಮ್ಮಾರೆ, ಎಮ್ಮೆ ಉಳೀತು, ಬೇಲಿನೂ ಉಳೀತು. ಕೈ ನೆಟ್ಟಗೈತೆ ನಿಮ್ದು" ಅಂದ.

ಇಳಿದು ಬಾಗಿಲು ಬಡಿದೆ. ಡಬ್ಬಕ್ಕೆ ಬೈದೆ.

೧೨ ಜೂನ್

ಪಂಚಾಕ್ಷರಪ್ಪ ಮೊದಲು ಇಂಗಳದಾಳು ತಾಮ್ರದ ಗಣಿಯಲ್ಲಿ ದೊಡ್ಡ ಯಂತ್ರಗಳನ್ನು ನೋಡಿಕೊಂಡಿದ್ದವನು. ಡಬ್ಬಕ್ಕೆ ಅಲ್ಲಿಯ ಮದ್ದನ್ನೇ ಹೇಳಿದ. ಹೆಸರು ಟರ್ಬೊ ಅಂತೆ.

"ಹೊಗೆ ಹಿಂದ್ಗಡೆ ಕೊಳವಿಯಾಗೆ ಸುಮ್ನೆ ದಂಡ ಆಗ್ತೈತಲ್ರಿ? ಅದರ ಬಾಯಿಗೊಂದು ಚಕ್ರ ಇಡೋದು. ಹೊಗೆ ಬಡಿದ್ರೆ ಆ ಚಕ್ರ ತಿರುಗ್ತೈತೆ. ಅದರ ಜೊತಿಗೆ ಇನ್ನೊಂದು ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುರುಕ್ತೈತೆ. ಅದೇ ಇಂಜಿನ್ನು, ಒಂದೂವರೆ ಪಟ್ಟು ಶಕ್ತಿ."

"ಅಂದ್ರೆ ಒಲೆಗೆ ಊದುಗೊಳವೆ" ಅಂದೆ.

"ಹಾಂ! ಅದೇ ಕಣ್ರಿ!"

"ಊದೋದು ಯಾರು?"

"ಅದರ ಹೊಗೆನೇ ಅದಕ್ಕೆ ಊದ್ಕಳ್ತೈತೆ."

ನನಗೆ ಬಹಳ ಹಿಡಿಸಿತು. ಹೊಗೆ ಕುಡಿದು ಕೆಲಸ ಮಾಡುವುದು ಒಲೆ ಮುಂದೆ ಕೂರುವ ನಮಗೇನು ಹೊಸದಲ್ಲ. ಆದರೆ ತಿಪ್ಪೇರುದ್ರಪ್ಪ ಗುಡುಗಿದ. ಅವನು ಬಬ್ಬೂರು ಫಾರಮ್ಮಿನಲ್ಲಿ ನೌಕರ. ದಿನವೂ ಟ್ರ್ಯಾಕ್ಟರ್ ನೋಡುತ್ತಾನಾದ್ದರಿಂದ ತಾನೇ ಅದನ್ನು ಹೆತ್ತವನ ಹಾಗೆ ಮಾತಾಡುತ್ತಾನೆ.

"ಅಣ್ಣಾ, ಪೆಟ್ರೋಲ್ ರೇಟು ಆಕಾಶಕ್ಕೆ ಹೋಗೈತೆ. ಇದಕ್ಕೆ ಊದಿ ಇನ್ನಷ್ಟು ಕುಡಿಸ್ತೀಯಾ? ಹಳೇದು ಕಿತ್ತಾಕು. ಡೀಸಲ್ ಇಂಜಿನ್ನು ಇಡಾಣ. ದುರ್ಗದ ಗುಜರಿಯಾಗೆ ಒಂದು ನೋಡಿ ಬಂದೀನಿ, ಆನೆ ಇದ್ದಂಗೈತೆ."

"ಆನೇನ ಈ ಬುಟ್ಟಿಯಾಗೆ ಹೆಂಗ್ ಕುಂಡ್ರಸ್ತೀಯಪ್ಪ?" ಅಂತ ಪಂಚಾಕ್ಷರಪ್ಪ ಕೇಳಿದ.

"ಬುಟ್ಟಿ ಕೊಯ್ದು ಕುಂಡ್ರಸಾದು!"

ಯಜಮಾನರು ಇಬ್ಬರಿಗೂ ತಲೆಯಾಡಿಸಿದರು.

೧೫ ಜೂನ್

ಮೊದಲ ಸಂತೆ ತಪ್ಪಿತು. ಹೇರು ಹೊರಿಸಿದರೆ ಇಂಜಿನ್ನು ಸುಟ್ಟೇ ಹೋಗುತ್ತದೆ ಅಂತ ಇಬ್ಬರು ಪಂಡಿತರೂ ಹೇಳಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತ.

ಯಜಮಾನರು ಬೆಳಿಗ್ಗೆ ಟರ್ಬೊ ಅನ್ನುತ್ತಾರೆ, ಉಂಡ ಮೇಲೆ ಡೀಸಲ್ ಅನ್ನುತ್ತಾರೆ, ಸಂಜೆ ಜಗಲಿಯಲ್ಲಿ ಕೂತು "ನಿಧಾನಕ್ಕೆ ನೋಡಾಣ" ಅನ್ನುತ್ತಾರೆ. ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನವೇ ಒಪ್ಪಿಗೆ ಎಂದು ಹೇಳಿ ಊಟಕ್ಕೆ ಕೂತ ಮನುಷ್ಯ ಇವರೇನಾ ಅನಿಸುತ್ತದೆ.

ಇವತ್ತು ಹೊಸ ಕಂಬಳಿಗಳನ್ನು ಕೈಯಾಡಿಸಿಯೇ ಬೇರೆ ಮಾಡಿದರು. ಇದು ಮರಿ ಉಣ್ಣೆ, ಇದು ಮುದಿ ಕುರಿದು, ಇದರಲ್ಲಿ ನೇಯುವವನು ನಿದ್ದೆ ಮಾಡಿದ್ದಾನೆ ಅಂತ ಒಂದೊಂದಾಗಿ ಹೇಳಿದರು. ಒಂದೂ ತಪ್ಪಲಿಲ್ಲ. ಕೊನೆಗೆ ಅಂಗಳದಲ್ಲಿ ಬಿಟ್ಟಿದ್ದ ಕರಿ ಬಕೆಟ್ಟಿಗೆ, "ಏಯ್, ಹೋಗಾಚೆ" ಅಂತ ಗದರಿಸಿದರು. ನಾಯಿ ಅಂದುಕೊಂಡರಂತೆ. ಬಕೆಟ್ಟು ಹೇಳಿದ ಮಾತು ಕೇಳದೆ ಅಲ್ಲೇ ಕೂತಿತ್ತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

೧೭ ಜೂನ್

ಪಂಚಾಕ್ಷರಪ್ಪನಿಗೆ ಇಂಜಿನ್ನಿನ ಸದ್ದು ಕೇಳಬೇಕಂತೆ. ತಾನು ಮುಂದಿನ ಮಡ್‌ಗಾರ್ಡಿನ ಮೇಲೆ ಕೂತು ಬಾನೆಟ್ಟಿಗೆ ಕಿವಿಗೊಡುತ್ತಾನೆ, ಯಾರಾದರೂ ಮೆಲ್ಲಗೆ ಓಡಿಸಬೇಕು.

"ನನ್ ಮೊಣಕಾಲ್ ನೋವು" ಅಂದರು ಯಜಮಾನರು. "ಗಿರಿನೇ ಕುಂಡ್ರಲಿ. ಎಮ್ಮೆ ಉಳಿಸಿದಾಕಿ."

ಬಬ್ಬೂರು ಫಾರಮ್ಮಿನ ಪಕ್ಕದ ದಾರಿ ನೆಟ್ಟಗಿದೆ, ಜನ ಕಡಿಮೆ. ಕ್ಲಚ್ಚು ತುಳಿ, ಗೇರು ಹಾಕು, ಮೆಲ್ಲಗೆ ಬಿಡು. ಮಗ್ಗದ ಹಲಗೆ ತುಳಿದ ಕಾಲಿಗೆ ಇದೇನು ದೊಡ್ಡದಲ್ಲ. ಒಂದು ಕಾಲು ಏಳುವಾಗ ಇನ್ನೊಂದು ಇಳಿಯಬೇಕು, ಅಷ್ಟೇ. ಮೂರು ಸಲ ಎಗರಿಸಿ ನಿಲ್ಲಿಸಿದೆ. ಒಂದು ಸಲ ಪಂಚಾಕ್ಷರಪ್ಪ ಮಡ್‌ಗಾರ್ಡಿನಿಂದ ಜೋಳದ ಹೊಲಕ್ಕೇ ಹೋದ.

"ಏನ್ ಸದ್ದು ಕೇಳಿಸ್ತಪ್ಪ?" ಅಂದೆ.

"ನಂದೇ ಎದೆ ಬಡಿತ ಕಣ್ರಿ" ಅಂದ.

೧೯ ಜೂನ್

ತಿಪ್ಪೇರುದ್ರಪ್ಪ ಯಾರನ್ನೂ ಕೇಳದೆ ಆನೆಯನ್ನು ತಂದೇಬಿಟ್ಟ. ದುರ್ಗದಿಂದ ಲಾರಿಯಲ್ಲಿ ಬಂತು. ಇಳಿಸಲು ಆರು ಜನ ಬೇಕಾಯಿತು. ಅಂಗಳದ ಕಲ್ಲುಚಪ್ಪಡಿ ಒಂದು ಬಿರುಕು ಬಿಟ್ಟಿದೆ.

"ಅತ್ತಿಗೆ, ಇದು ಒಂದ್ಸಲ ಕುಂತ್ರೆ ಇಪ್ಪತ್ತು ವರ್ಷ ಏಳಲ್ಲ" ಅಂದ.

"ಅದು ಕಾಣ್ತೈತಪ್ಪ" ಅಂದೆ.

ಪಂಚಾಕ್ಷರಪ್ಪ ಬಂದು ಸುತ್ತ ತಿರುಗಿ ನೋಡಿದ. ಇದನ್ನು ಇಟ್ಟರೆ ಕಾರಿನ ಮೂಗು ನೆಲ ಮೂಸುತ್ತದೆ ಅಂದ. ನಿನ್ನ ಚಕ್ರ ಎಲ್ಲಿದೆ ತೋರಿಸು ಅಂತ ತಿಪ್ಪೇರುದ್ರಪ್ಪ ಕೇಳಿದ. ಗಣಿಯಲ್ಲಿರುವುದು ಕಾರಿಗಿಂತ ದೊಡ್ಡದಂತೆ, ಸಣ್ಣದನ್ನು ತಾನೇ ಕಡೆದು ಮಾಡಬೇಕಂತೆ. ಇಬ್ಬರೂ ನನ್ನ ಕಾಫಿ ಕುಡಿದು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು.

೨೨ ಜೂನ್

ಎರಡನೆಯ ಸಂತೆಯೂ ತಪ್ಪಿತು. ಮಳೆ ಶುರುವಾಗಿದೆ. ಕಂಬಳಿ ಕೇಳುವ ಕಾಲ.

ನಮ್ಮ ಕೆಂಪು ಹುಂಜದ ಜೊತೆಯ ಹೇಂಟೆ ಕೋಳಿ ಆನೆಯ ಹೊಟ್ಟೆಯೊಳಗೆ ಮೊಟ್ಟೆ ಇಟ್ಟಿದೆ. ಆ ಇಂಜಿನ್ನಿನಿಂದ ಮನೆಗೆ ಬಂದ ಮೊದಲ ಲಾಭ.

೨೪ ಜೂನ್

ಸೋಮವಾರ. ಹರಿಯಬ್ಬೆಯ ಬೀರದೇವರ ಗುಡಿಗೆ ಹೋಗಿ ಹೂವು ಕೇಳಿದೆವು. ಮದುವೆ, ಮನೆ, ಬಾವಿ, ಯಾವುದೇ ಆಗಲಿ ನಮ್ಮಲ್ಲಿ ಕೊನೆಯ ಮಾತು ಬೀರಪ್ಪನದು. ದೇವರ ಮೈಗೆ ನೀರಲ್ಲಿ ಅದ್ದಿದ ಹೂವು ಅಂಟಿಸಿ ಮನಸ್ಸಿನ ಮಾತು ಕೇಳುತ್ತೇವೆ. ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ಆದರೆ ಕಾರಿನ ಇಂಜಿನ್ನಿನ ವಿಷಯ ಬೀರಪ್ಪನಿಗೂ ಹೊಸದೇ ಇರಬೇಕು.

ಮೊದಲು ತಿಪ್ಪೇರುದ್ರಪ್ಪ ಕೈಮುಗಿದ. "ಬೀರಪ್ಪಾ, ಡೀಸಲ್ ಇಂಜಿನ್ನು ಆಗಬೌದಾದ್ರೆ ಬಲಗಡೆ ಕೊಡಪ್ಪಾ."

ಕ್ಷಣದಲ್ಲಿ ಬಲಗಡೆ ಹೂವು ಬಿತ್ತು. ತಿಪ್ಪೇರುದ್ರಪ್ಪ ಕುಣಿದ.

"ತಡೀರಿ ಸ್ವಲ್ಪ, ನನ್ನದೂ ಕೇಳ್ರಿ" ಅಂತ ಪಂಚಾಕ್ಷರಪ್ಪ ಮುಂದೆ ಬಂದ. ಅವನ ದೇವರು ಬೇರೆ, ಆದರೂ ಟರ್ಬೊಗಾಗಿ ಬೀರಪ್ಪನಿಗೆ ತಲೆಬಾಗಿದ. "ಊದೋ ಚಕ್ರ ಆಗಬೌದಾದ್ರೆ ಬಲಗಡೆ."

ಅದೂ ಬಲಕ್ಕೇ ಬಿತ್ತು!

ಇಬ್ಬರೂ ಪೂಜಾರಿಯ ಕಡೆ ತಿರುಗಿದರು. ಪೂಜಾರಿ ಗಡ್ಡ ತುರಿಸಿಕೊಂಡ. "ನೀವು ಆಗಬೌದಾ ಅಂತ ಕೇಳಿದ್ರಿ, ಆಗಬೌದು ಅಂತು. ಯಾವುದು ಬೇಡ ಅಂತ ಯಾರೂ ಕೇಳಲಿಲ್ಲ. ನಿಮ್ ತಪ್ಪಿಗೆ ದೇವರೇನು ಮಾಡ್ತೈತೆ?" ಅಂದ. ನಾನು ಸೆರಗು ಬಾಯಿಗಿಟ್ಟುಕೊಂಡೆ. ಈ ಜಾಣತನ ನಮ್ಮ ಇಬ್ಬರು ಪಂಡಿತರಿಗೆ ಬಿಟ್ಟು ಯಾರಿಗೂ ಹೊಳೆಯದು. ಇಬ್ಬರೂ ತಮಗೆ ಬೇಕಾದದ್ದನ್ನೇ ಕೇಳಿಕೊಂಡು ಬಂದರು.

ಆಮೇಲೆ ಯಜಮಾನರು, "ನಂದೂ ಒಂದೈತೆ" ಅಂತ ಎದ್ದು ನಿಂತರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ದೇವರೂ ತಡಮಾಡಿತು. ಹೂವು ಬಿತ್ತು. ಕಣ್ಣು ತೆರೆದು ಅವರು ಎದುರಿಗೇ ನೋಡುತ್ತಿದ್ದರು.

"ಯಾವ ಕಡೆ ಬಿತ್ತೇ?" ಅಂತ ಮೆಲ್ಲಗೆ ನನ್ನನ್ನು ಕೇಳಿದರು.

"ಎಡಕ್ಕೆ. ಕಣ್ಣಿಲ್ವಾ ನಿಮಗೆ?" ಅಂದೆ.

"ಹೂಂ" ಅಂದರು. ಏನು ಕೇಳಿದಿರಿ ಅಂದರೆ ಹೇಳಲಿಲ್ಲ. ಮಗನ ಮನೆಯಲ್ಲಿ ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟರು. ಮಳೆಯಲ್ಲಿ ನೆಂದಿದ್ದರು, ಅದಕ್ಕಿರಬೇಕು.

೨೬ ಜೂನ್

ಲೈಸೆನ್ಸು ಬಂತು. ಕಲಿಯುವವರದು. ಸುಮ್ಮನೆ ಸದ್ದು ಕೇಳಲು ಓಡಿಸುವುದಕ್ಕೂ ಕಾಗದ ಬೇಕಂತೆ, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ ಅಂತ ತಿಪ್ಪೇರುದ್ರಪ್ಪನೇ ದುರ್ಗಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ಗುಮಾಸ್ತ ನನ್ನ ಸೀರೆ, ನನ್ನ ನರೆಗೂದಲು ನೋಡಿ, "ಯಾರಿಗಮ್ಮ?" ಅಂದ. "ನನಗೇನಪ್ಪ, ಮತ್ತಾರಿಗೆ" ಅಂದೆ. ಎದ್ದು ನಿಂತು ಬರೆದುಕೊಂಡ.

ಡಬ್ಬದ ಮುಂದೆ ಹಿಂದೆ ಕೆಂಪು ಬಣ್ಣದಲ್ಲಿ L ಬರೆದೆ. ಮೂಟೆಗೆ ಬರೆಯುವ ಕುಂಚವೇ. ನನಗೆ ಗೊತ್ತಿರುವ ಒಂದೇ ಇಂಗ್ಲಿಷ್ ಅಕ್ಷರ ಕಾರಿನ ಮೇಲೆ ಚೆನ್ನಾಗಿ ಕಾಣುತ್ತದೆ.

ಬರಗೇರಕ್ಕನಿಗೆ ಬರೆದೆ. ಮಳೆ ಬಂತು, ಎಲ್ಲ ಕ್ಷೇಮ, ಕೋಳಿ ಮೊಟ್ಟೆ ಇಟ್ಟಿದೆ ಅಂತ ಅಷ್ಟೇ.

೨೯ ಜೂನ್

ಮೂರನೆಯ ಸಂತೆ.

ಹೊಸದುರ್ಗದಿಂದ ಬಂದ ಬಸ್ಸಿನವರ ಕೈಲಿ ಮುದ್ದಪ್ಪ ಹೇಳಿಕಳಿಸಿದ್ದಾನೆ. ಓಬಣ್ಣನವರಿಗೆ, ಅಂದರೆ ನಮ್ಮ ಯಜಮಾನರಿಗೆ, ಮೈ ಹುಷಾರಿಲ್ಲವೇ, ಜಾಗ ಖಾಲಿ ಬಿಟ್ಟರೆ ನಾಯಿ ಮಲಗುತ್ತದೆ, ಬರುವ ವಾರ ತಾನೇ ಗುಡಿಸಿ ಒಂದು ರಗ್ಗು ಹಾಸಿಡುತ್ತೇನೆ ಅಂತ. ಎಂಥ ಉಪಕಾರಿ.

ಯಜಮಾನರು ಕೇಳಿಸಿಕೊಂಡು ಒಳಗೆ ಹೋದರು.

೧ ಜುಲೈ

ನನಗೆ ರೇಗಿತು. ಬೆಳಿಗ್ಗೆ ಇಬ್ಬರು ಪಂಡಿತರನ್ನೂ ಅಂಗಳಕ್ಕೆ ಕರೆಸಿದೆ. ಇನ್ನು ಒಂದೇ ಸಂತೆ. ಟರ್ಬೊ ಎಂದಿಗೆ ಆಗುತ್ತದೆ? "ದೀಪಾವಳಿಗೆ" ಅಂದ ಪಂಚಾಕ್ಷರಪ್ಪ. ಡೀಸಲ್? "ಮೂಗು ಕೊಯ್ದು ಕೂರಿಸಾಕೆ ಒಂದು ತಿಂಗಳು" ಅಂದ ತಿಪ್ಪೇರುದ್ರಪ್ಪ. "ಅದೂ ಕೋಳಿ ಎದ್ದ ಮೇಲೆ." ಹೇಂಟೆ ಈಗ ಇಂಜಿನ್ನಿನೊಳಗೆ ಕಾವು ಕೂತಿದೆ.

"ಹಂಗಾದ್ರೆ ಹೇರು ಹಾಕ್ರಿ" ಅಂದೆ. "ಇರೋ ಇಂಜಿನ್ನೇ ಎಲ್ಲಿವರೆಗೆ ಹೋಗ್ತೈತೋ ನೋಡಾಣ. ಸುಟ್ಟರೆ ಸುಡಲಿ. ಹೆಂಗಿದ್ರೂ ಕೀಳೋದೇ ತಾನೆ?"

ಈ ಮಾತು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಕಂಬಳಿ ತುಂಬಿದರು. ನಾನು ಸ್ಟೇರಿಂಗಿಗೆ, ಪಕ್ಕದಲ್ಲಿ ಯಜಮಾನರು, ಹಿಂದೆ ಕಂಬಳಿಯ ಮೇಲೆ ಮಲಗಿದ ಹಾಗೆ ಪಂಚಾಕ್ಷರಪ್ಪ. ತಿಪ್ಪೇರುದ್ರಪ್ಪ ಸೈಕಲ್ಲಿನಲ್ಲಿ ಹಗ್ಗ ಹಿಡಿದು ಬಂದ, ಎಳೆದು ತರಲು ಬೇಕಾಗುತ್ತದೆ ಅಂತ.

ಮಾರಿಕಣಿವೆಯ ಏರು ಬಂತು. ಎರಡನೆಯ ಗೇರಿಗೆ ಇಳಿಸಿದೆ. ಒತ್ತಿದೆ.

ಹತ್ತಿತು!

ಕೆಮ್ಮಲಿಲ್ಲ, ಹಬೆಯಿಲ್ಲ, ಸುಟ್ಟ ವಾಸನೆಯಿಲ್ಲ. ಮೇಕೆ ಬಂಡೆ ಏರಿದ ಹಾಗೆ ಟಕಟಕ ಏರಿತು. ತಿಪ್ಪೇರುದ್ರಪ್ಪನ ಸೈಕಲ್ಲು ಎಲ್ಲೋ ಕೆಳಗೆ ಚುಕ್ಕಿಯಾಯಿತು. ನೆತ್ತಿಯಲ್ಲಿ ನಿಲ್ಲಿಸಿ ತಿರುಗಿ ನೋಡಿದೆ. ಪಂಚಾಕ್ಷರಪ್ಪ ಬಾಯಿ ತೆರೆದುಕೊಂಡಿದ್ದ.

"ಇದರ ಇಂಜಿನ್ನಿಗೆ ಏನೂ ಆಗಿಲ್ಲಲ್ರಿ!"

ಇಳಿದು ಚಕ್ರ ಬಿಚ್ಚಿದ. ಅಷ್ಟು ದಿನ ಗಾಳಿ ಊದುವ ಆಸೆಯಲ್ಲಿ ಬಾನೆಟ್ಟು ಬಿಟ್ಟು ಬೇರೆ ಯಾವ ಕಡೆಗೂ ಕಣ್ಣು ಹಾಯಿಸಿರಲಿಲ್ಲ ಮಹಾಶಯ. ಬ್ರೇಕಿನ ಪಟ್ಟಿ ತೆಗೆದು ತೋರಿಸಿದ. ತೇದು ತೇದು ಕಾಗದದಂತಾಗಿತ್ತು, ಕಪ್ಪಗೆ ಸುಟ್ಟಿತ್ತು.

"ಆ ವಾಸನೆ ಇದರದ್ದು ಕಣ್ರಿ. ಓಬಣ್ಣಾರೆ, ಏರಿನಾಗೆ ಯಾರಾದ್ರೂ ಬ್ರೇಕ್ ತುಳೀತಾರಾ? ಒಂದ್ ಕಾಲಿನಾಗೆ ಹೋಗು ಅಂದು ಇನ್ನೊಂದ್ ಕಾಲಿನಾಗೆ ನಿಲ್ಲು ಅಂದ್ರೆ ಅದೇನ್ ಮಾಡೀತು ಪಾಪ?"

ಯಜಮಾನರು ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಹೋಗಿ ಸೈಕಲ್ಲು ತಳ್ಳಪ್ಪ, ಅವನು ಸಾಯ್ತಾನೆ" ಅಂತ ಪಂಚಾಕ್ಷರಪ್ಪನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖದ ಪಕ್ಕದಲ್ಲಿದ್ದ ಗಿಡವನ್ನು ನೋಡಿಕೊಂಡು ಹೇಳಿದರು.

"ಕಾಣಂಗಿಲ್ಲ ಕಣೇ."

"ಏನು?"

"ದಾರಿ. ಹೋದ ಚಳಿಗಾಲದಿಂದ. ಎಲ್ಲಾ ಮಂಜಿನಾಗೆ ಅದ್ದಿದಂಗೆ. ನಸುಕಿನಾಗಂತೂ ಏನೂ ಇಲ್ಲ. ಕರ್ರಗೆ ಏನ್ ಕಂಡ್ರೂ ಕುರಿ ಅಡ್ಡ ಬಂತೇನೋ ಅಂತ ಬ್ರೇಕ್ ತುಳಿಯೋದು. ಇಂಜಿನ್ನು ಸರಿ ಹೋಗೋವರೆಗೆ ಓಡಿಸೋದು ತಪ್ತೈತಲ್ಲ ಅಂತ ಸುಮ್ಕಿದ್ದೆ. ಇಬ್ರೂ ಜಗಳ ಆಡ್ಲಿ, ಆಷಾಢ ಕಳೀಲಿ ಅಂತ."

ಬಕೆಟ್ಟು, ಹೂವು, ಅರ್ಧ ಬಿಟ್ಟ ಮುದ್ದೆ, ಮೊಣಕಾಲು ನೋವು, ಎಲ್ಲ ಒಂದರ ಹಿಂದೆ ಒಂದು ಬಂದು ನನ್ನೆದುರು ನಿಂತವು. ಕಣ್ಣಿಲ್ವಾ ಅಂತ ಕೇಳಿದವಳು ನಾನೇ.

"ಗುಡಿಯಾಗೆ ಏನ್ ಕೇಳಿದ್ರಿ?" ಅಂದೆ.

"ಇನ್ನೊಂದು ವರ್ಷ ನಾನೇ ಓಡಿಸಬೌದಾ ಅಂತ."

ಅವರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತೆ. ಕೆಳಗೆ ಕಟ್ಟೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. "ನೀರು ಎಷ್ಟು ಐತೆ ಈಗ?" ಅಂತ ಕೇಳಿದರು. ಹೇಳಿದೆ. ದಡದಲ್ಲಿ ಯಾರ ಕುರಿ ಮೇಯುತ್ತಿವೆ, ಎಷ್ಟು ಮರಿ ಇವೆ, ಅದನ್ನೂ ಹೇಳಿದೆ. ತಿಪ್ಪೇರುದ್ರಪ್ಪ ಏದುಸಿರಿನಲ್ಲಿ ಬರುವವರೆಗೂ ಹೇಳುತ್ತಲೇ ಇದ್ದೆ. ಅವನು ಹಗ್ಗ ಎತ್ತಿ ಹಿಡಿದು, "ಎಲ್ಲಿ ನಿಂತ್ಕಂತು?" ಅಂದ.

"ನಿಂತ್ಕಳಲಿಲ್ಲ ಕಣೋ, ಅದೇ ಕಷ್ಟ ಆಗೈತೆ" ಅಂದರು ಯಜಮಾನರು. ಎಷ್ಟೋ ದಿನದ ಮೇಲೆ ನಕ್ಕರು.

೩ ಜುಲೈ

ಬ್ರೇಕಿಗೆ ಹೊಸ ಪಟ್ಟಿ ಹಾಕಿದ ಪಂಚಾಕ್ಷರಪ್ಪ. ದುಡ್ಡು ಬೇಡ ಅಂದ. ಬಲವಂತಕ್ಕೆ ಒಂದು ಕಂಬಳಿ ತೆಗೆದುಕೊಂಡ.

ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರು ಹೇಳಿದರು. ಮುಂದಿನ ತಿಂಗಳು ದುರ್ಗದಲ್ಲಿ ಕಣ್ಣಿನ ಶಿಬಿರ. ತೆಗೆಸಿದರೆ ಕಾಣುತ್ತದೆ, ದಪ್ಪ ಕನ್ನಡಕ ಬೇಕಾಗುತ್ತದೆ. ತಿಪ್ಪೇರುದ್ರಪ್ಪ ಅಣ್ಣನ ಕೈ ಹಿಡಿದುಕೊಂಡು, "ನನಗೊಂದು ಮಾತು ಹೇಳಬಾರದಿತ್ತಾ?" ಅಂತ ಅತ್ತುಬಿಟ್ಟ. "ನೀನು ನನಗೊಂದು ಮಾತು ಹೇಳಿ ಆನೆ ತಂದ್ಯಾ?" ಅಂದರು ಇವರು.

ಸಂಜೆ ನಮ್ಮ ಹುಡುಗಿಯನ್ನು ತೊಳೆದೆ, ಇನ್ನು ಅವಳನ್ನು ಡಬ್ಬ ಅನ್ನಲಾರೆ. ಮಳೆಯ ಕೆಸರು ಎಷ್ಟು ಹಿಡಿದುಕೊಂಡಿತ್ತು ಪಾಪ. ಒರೆಸಿ ನಿಲ್ಲಿಸಿದರೆ ಹೊಸಬಳ ಹಾಗೆ ಕಾಣುತ್ತಾಳೆ.

೬ ಜುಲೈ

ನಸುಕಿಗೇ ಹೊರಟೆವು. ಕಾಯಿದೆಗೆ ಪಕ್ಕದಲ್ಲಿ ಲೈಸೆನ್ಸಿನ ಯಜಮಾನರು, ಧೈರ್ಯಕ್ಕೆ ಹಿಂದೆ ಪಂಚಾಕ್ಷರಪ್ಪ. ನಮ್ಮಿಬ್ಬರ ನಡುವೆ ಕತ್ತು ತೂರಿಸಿಕೊಂಡು, "ಎಡಕ್ಕೆ, ಎಡಕ್ಕೆ, ಗುಂಡಿ, ಗುಂಡಿ" ಅನ್ನುತ್ತಿದ್ದ. ಸಾಕಪ್ಪ, ನನಗೂ ಗುಂಡಿ ಕಾಣುತ್ತದೆ ಅಂದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಜಮಾನರೇ, "ಕಾಣೋರು ಮೂರರಾಗೆ ಇಬ್ಬರು. ಕಮ್ಮಿಯೇನಲ್ಲ" ಅಂದರು.

ಏರಿನಲ್ಲಿ ಅವರ ಬಲಗಾಲು ನೆಲಕ್ಕೆ ಒತ್ತುತ್ತಲೇ ಇತ್ತು. ಅಲ್ಲಿ ಬ್ರೇಕಿಲ್ಲ, ಬರೀ ತಗಡು.

ಹೊಸದುರ್ಗ ಮುಟ್ಟಿದಾಗ ಮೂಡಣ ಬೆಳ್ಳಗಾಗುತ್ತಿತ್ತು. ಮುದ್ದಪ್ಪ ನಿಜವಾಗಿಯೂ ಗುಡಿಸಿದ್ದ. ಕಂಕುಳಲ್ಲಿ ರಗ್ಗು, ಕೈಯಲ್ಲಿ ಪೊರಕೆ. ಕಾರು ಮರದ ಪಕ್ಕ ನಿಂತಿತು. ಬಾಗಿಲು ತೆರೆದು ನಾನಿಳಿದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಕೆಂಪು L ಅನ್ನು, ಒಮ್ಮೆ ಆ ಕಡೆಯಿಂದ ತಡವರಿಸಿ ಇಳಿಯುತ್ತಿದ್ದ ಯಜಮಾನರನ್ನು ನೋಡಿದ.

"ಏನಮ್ಮ ಗಿರಿಯಮ್ಮ, ಓಬಣ್ಣಾರನ್ನ ಸಂತಿಗೆ ಮಾರಾಕೆ ತಂದೀಯೇನು?"

"ಕಂಬಳಿ ಮಾತ್ರ ಮಾರೋದಪ್ಪ. ಈ ಮಾಲು ಮನೆಗೇ ಬೇಕು."

ಕಂಬಳಿ ಹಾಸಲು ನಾನು ಮುಂದಾದೆ. ಯಜಮಾನರು ಕೈಯಡ್ಡ ಹಿಡಿದರು. ಚಪ್ಪಲಿ ಬಿಟ್ಟರು. ಬರಿಗಾಲಿನಿಂದ ನೆಲ ಸವರುತ್ತ ಹೋಗಿ ಹುಣಸೆಯ ಬೇರು ಹುಡುಕಿದರು, ಅಲ್ಲಿಂದ ಆಚೆಗೆ ಮಾವನವರು ನೆಟ್ಟ ಕಲ್ಲು. ಕರಿ ಕಂಬಳಿ ಒದರಿ ಒಂದೇ ಬೀಸಿಗೆ ಹಾಸಿದರು. ನಾಲ್ಕು ಮೂಲೆಯೂ ನೆಟ್ಟಗೆ ಬಿದ್ದವು. ಕಣ್ಣಿದ್ದಾಗಲೂ ಅಷ್ಟು ನೆಟ್ಟಗೆ ಹಾಸಿದ್ದು ನಾನು ನೋಡಿರಲಿಲ್ಲ.

ಆಮೇಲೆ ಹೊತ್ತು ಹುಟ್ಟಿತು.

ಮುದ್ದಪ್ಪ ಪೊರಕೆ ಹಿಡಿದೇ ನಿಂತಿದ್ದ. "ಗುಡಿಸಿದ್ದಕ್ಕೆ ಪುಣ್ಯ ಬರಲಪ್ಪ. ಬರೋ ವಾರಾನೂ ಗುಡಿಸು" ಅಂದರು ಇವರು.

ಸಂಜೆ ಹಿಂತಿರುಗುವಾಗ ಹಿಂದಿನ ಜಾಗ ಖಾಲಿ. ಪಂಚಾಕ್ಷರಪ್ಪ ಅಲ್ಲಿ ಗೊರಕೆ ಹೊಡೆಯುತ್ತಿದ್ದ. ಯಜಮಾನರೂ ತೂಕಡಿಸಿದರು. ಬಲಗಾಲು ಸುಮ್ಮನೆ ಬಿದ್ದುಕೊಂಡಿತ್ತು.

೮ ಜುಲೈ

ಬರಗೇರಕ್ಕನಿಗೆ ಉದ್ದನೆಯ ಕಾಗದ ಬರೆದೆ, ಎಲ್ಲ ಬರೆದೆ. ಇನ್ನು ಹೊಳಲ್ಕೆರೆಗೆಲ್ಲ ಗೊತ್ತಾಗಲಿ. ಬರುವ ವಾರ ಅಲ್ಲಿಗೂ ನಾವೇ ಬರುತ್ತೇವೆ, ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಡ, ಬಾಗಿಲಲ್ಲೇ ನಿಂತಿರು ಅಂತ ಬರೆದೆ.

ಆನೆಯ ಹೊಟ್ಟೆಯಲ್ಲಿ ಒಂಬತ್ತು ಮೊಟ್ಟೆ ಕಾವಿನಲ್ಲಿವೆ. ಮರಿ ಎದ್ದ ಮೇಲೆ ತಿಪ್ಪೇರುದ್ರಪ್ಪ ಆ ಇಂಜಿನ್ನನ್ನು ಹಿಟ್ಟಿನ ಗಿರಣಿಗೆ ಹಾಕುತ್ತಾನಂತೆ. ಪಂಚಾಕ್ಷರಪ್ಪ ಆ ಗಿರಣಿಗೆ ಊದುವ ಚಕ್ರ ಕೂರಿಸುತ್ತಾನಂತೆ. ಬೀರಪ್ಪ ಇಬ್ಬರಿಗೂ ಒಪ್ಪಿದ್ದು ಇದಕ್ಕೇ ಇರಬೇಕು.

"ಕಣ್ಣು ಬಂದ ಮ್ಯಾಲೆ ಮತ್ತೆ ನಾನೇ ಓಡಿಸ್ತೀನಿ" ಅಂದರು ಯಜಮಾನರು ಮಧ್ಯಾಹ್ನ.

"ಆಗಲಿ."

"ಹೂ ಕೇಳಾಣೇನು?"

"ಬ್ಯಾಡ" ಅಂದೆ. ಸ್ವಲ್ಪ ಬೇಗನೇ ಅಂದುಬಿಟ್ಟೆನೇನೋ. ಇವರು ನಗುತ್ತ ಕೂತರು.

ಕಾರಿನ ಕೀಲಿಕೈ ಬೆಳಿಗ್ಗೆಯಿಂದ ಗೂಟದಲ್ಲಿಲ್ಲ ಅಂತ ಎಲ್ಲರೂ ಹುಡುಕುತ್ತಿದ್ದರು. ನಾನೂ ಹುಡುಕಿದೆ. ಸಂಜೆ ಉಗ್ರಾಣದ ಬೀಗ ತೆಗೆಯುವಾಗ ಕಂಡಿತು. ನನ್ನ ಸೊಂಟದ ಗೊಂಚಲಿನಲ್ಲಿ, ಉಗ್ರಾಣದ ಕೀಲಿ, ಪೆಟ್ಟಿಗೆಯ ಕೀಲಿಗಳ ನಡುವೆ ಸೇರಿಕೊಂಡಿದೆ. ಅದು ಯಾವಾಗ ಅಲ್ಲಿಗೆ ಬಂತೋ ನನಗೆ ನೆನಪಿಲ್ಲ. ಬಿಗಿಯಾಗಿ ಕೂತುಬಿಟ್ಟಿದೆ, ತೆಗೆಯಲು ಬರುತ್ತಿಲ್ಲ. ಇರಲಿ ಅಲ್ಲೇ.